ಬೆನ್ನಿಗೆ ಹೇಳಿದ್ದು

ಅಣ್ಣನ ದೋಣಿ ಬರಬೇಕಾದ ದಿನ ಕಳೆದು ಹನ್ನೆರಡು ದಿನವಾಗಿತ್ತು. ನಮ್ಮ ಮನೆಯ ಕರಟದ ನೀರು ನಿಂತು ನಲವತ್ತೊಂಬತ್ತು ದಿನ. ಮೊದಲನೆಯದನ್ನು ಊರಿನವರು ತಮ್ಮ ತಮ್ಮ ಮನೆಯಲ್ಲಿ ಎಣಿಸುತ್ತಿದ್ದರು. ಎರಡನೆಯದನ್ನು ನಮ್ಮ ಬಾಗಿಲಿಗೇ ಬಂದು ನೋಡಿಕೊಂಡು ಹೋಗುತ್ತಿದ್ದರು.

ಕರಟ ನಮ್ಮೂರಿನ ಪ್ರತಿ ಮನೆಯಲ್ಲೂ ಇರುತ್ತದೆ. ಹೊಸ್ತಿಲು ದಾಟಿದ ಕೂಡಲೇ ಎಡಗಡೆ, ಮೂರು ಕಲ್ಲುಗಳ ಮೇಲೆ ತೆಂಗಿನ ಅರ್ಧ ಕರಟ, ಅದರಲ್ಲಿ ಸಮುದ್ರದ ನೀರು. ನೀರು ಒಂದು ಅಂಚಿಗೆ ಏರುತ್ತದೆ, ಇಳಿಯುತ್ತದೆ, ಇನ್ನೊಂದು ಅಂಚಿಗೆ ಏರುತ್ತದೆ, ದೋಣಿಯ ತಳದಲ್ಲಿ ಉಳಿದ ನೀರು ಆಡುವ ಹಾಗೆ. ಮನೆಯಲ್ಲಿ ಯಾರಾದರೂ ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡರೆ ಆಟ ಸಣ್ಣದಾಗುತ್ತದೆ. ಹೆಚ್ಚಾದರೆ ನಿಲ್ಲುತ್ತದೆ. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಕರಟ ನೋಡುತ್ತಾರೆ. ಅಂಥ ದಿನ ಕೆಲವರು ಕರಟದ ಪಕ್ಕದಲ್ಲೇ ಕೂತು, ನೀರು ಆಡಲೆಂದು ಯಾರಿಗೂ ಕಾಣದಂತೆ ಅದಕ್ಕೆ ಮೊಣಕೈ ತಾಗಿಸುತ್ತಿರುತ್ತಾರೆ. ಬಂದವರು ಕಂಡೂ ಕಾಣದಂತೆ ಇರುತ್ತಾರೆ, ಅವರ ಮನೆಯಲ್ಲೂ ಮೊಣಕೈಗಳಿವೆ. ಹೊಸ ಸೊಸೆ ಬಂದ ಮೊದಲ ತಿಂಗಳು ಆ ಮನೆಯ ಕರಟದ ಮಾತು ಯಾರೂ ಎತ್ತುವುದಿಲ್ಲ. ಅದು ಮರ್ಯಾದೆ.

ಮನೆಯವರು ಸಮುದ್ರದ ಮೇಲಿದ್ದಾಗ ಮಾತ್ರ ಯಾರೂ ಮೊಣಕೈ ತಾಗಿಸುವುದಿಲ್ಲ. ದೋಣಿಯಲ್ಲಿ ದಾರಿ ಹೇಳುವವರು ನೆಚ್ಚಿಕೊಳ್ಳುವುದು ಅಲೆಗಳನ್ನು. ಮೋಡ ಕವಿದಾಗ ಅವರು ದೋಣಿಯ ತಳದಲ್ಲಿ ಅಂಗಾತ ಮಲಗಿ, ಕಣ್ಣು ಮುಚ್ಚಿ, ಕೆಳಗಿನಿಂದ ಬರುವ ಅಲೆಗಳನ್ನು ಮೈಯಿಂದಲೇ ಬೇರೆ ಬೇರೆ ಮಾಡಿಕೊಳ್ಳುತ್ತಾರೆ. ಮೂಡಣದಿಂದ ಬರುವ ಉದ್ದನೆಯ ಅಲೆ ಅಜ್ಜ. ತೆಂಕಣದಿಂದ ಬಂದು ಅಜ್ಜನಿಗೆ ಅಡ್ಡ ಹಾಯುವುದು ಅಜ್ಜಿ. ವರ್ಷಕ್ಕೆ ನಾಲ್ಕು ತಿಂಗಳು ಪಡುವಣದಿಂದ ಬಂದು ಬಹಳ ಸದ್ದು ಮಾಡಿ ಹೋಗುವುದು ಅಳಿಯ. ನಾಲ್ಕನೆಯದು ಕೂಸು. ಅದು ನಮ್ಮ ದಡಕ್ಕೆ ಬಡಿದು ಹಿಂದಕ್ಕೆ ಹೊರಡುವ ಅಲೆ. ಬಹಳ ಸಣ್ಣದು, ಉಳಿದ ಮೂರರ ಅಡಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಕೂಸು ಸಿಕ್ಕಿದರೆ ಮನೆ ಸಿಕ್ಕಿದ ಹಾಗೆ. ದಾರಿ ಹೇಳುವವನ ಮನೆಯ ನೀರು ನಿಂತರೆ ಕೂಸು ಅವನವರೆಗೆ ಹೋಗುವುದಿಲ್ಲ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ಆ ಸಲ ದಾರಿ ಹೇಳಲು ಹೋದವನು ನನ್ನ ಅಣ್ಣ ಕಾಹು. ಅವನ ಜೊತೆ ಹತ್ತು ಮನೆಗಳಿಂದ ಹತ್ತು ಜನ.

ಅವರು ಹೋದದ್ದು ಹಳೇ ಊರಿಗೆ. ನಮ್ಮ ಹಿರಿಯರು ಅಲ್ಲಿಂದ ಜೋಡಿದೋಣಿಯಲ್ಲಿ ಬಂದವರು. ಅಲ್ಲಿ ದೊಡ್ಡ ಜಗಳವಾಗಿ ಎರಡೂ ಕಡೆಯವರು ಬಡಿಗೆ ಹಿಡಿದಾಗ, ಬಡಿಗೆ ಹಿಡಿಯಲು ಮನಸ್ಸಿಲ್ಲದವರು ದೋಣಿ ತಳ್ಳಿಕೊಂಡು ಹೊರಟರು. ಆದರೆ ಜಗಳವೂ ಅವರೊಂದಿಗೆ ದೋಣಿ ಹತ್ತಿತ್ತು. ದೋಣಿಯಲ್ಲಿ ಹೊಡೆದಾಡುವಂತಿಲ್ಲ, ನಾಲ್ಕು ಜನ ಒಂದು ಕಡೆ ಎದ್ದು ನಿಂತರೆ ಎಲ್ಲರೂ ನೀರುಪಾಲು. ಆಗ ದಾರಿ ಹೇಳುತ್ತಿದ್ದವಳು ಒಬ್ಬ ಹೆಂಗಸು. ದೋಣಿಯ ಮುಂದಿನ ತುದಿಯಲ್ಲಿ, ಮೂತಿಯಲ್ಲಿ ಕೂತು ಸಮುದ್ರ ನೋಡುತ್ತಿದ್ದ ಅವಳು ಹಿಂದೆ ತಿರುಗುವಂತಿರಲಿಲ್ಲ. ಸಿಟ್ಟು ಬಂದವರು ತೆವಳಿಕೊಂಡು ಹೋಗಿ ಅವಳ ಬೆನ್ನಿಗೆ ಹೇಳುತ್ತಿದ್ದರು. ಅವಳು ಯಾರದು ಸರಿ, ಯಾರದು ತಪ್ಪು ಎನ್ನುತ್ತಿರಲಿಲ್ಲ. ಕೇಳಿತು ಎನ್ನುತ್ತಿದ್ದಳು, ಅಷ್ಟೆ. ಹಾಗೆ ನಲವತ್ತೆರಡು ಜನ ಒಬ್ಬರೂ ಕಡಿಮೆಯಾಗದೆ ಈ ದಡ ಮುಟ್ಟಿದರು. ಆ ದೋಣಿ ಇನ್ನೂ ಇದೆ, ದಡದ ಮೇಲಿನ ದಿಬ್ಬದಲ್ಲಿ, ಗರಿಯ ಚಪ್ಪರದ ಕೆಳಗೆ. ಅದರ ಮೂತಿಯಲ್ಲಿ ಈಗಲೂ ಒಬ್ಬರು ಕೂರುತ್ತಾರೆ. ನಮ್ಮ ಕಾಲಕ್ಕೆ ಪುವಾ ಅಜ್ಜಿ. ಏಳು ವರ್ಷಕ್ಕೊಮ್ಮೆ ಒಂದು ದೋಣಿ ಹಳೇ ಊರಿಗೆ ಹೋಗಿ, ದಡಕ್ಕೆ ಇಳಿಯದೆ, ಜಗಳ ಮುಗಿಯಿತೇ ಎಂದು ಕೇಳಿಕೊಂಡು ಬರುತ್ತದೆ. ಹೋಗಿ ಬರಲು ನಲವತ್ತು ದಿನ. ಕುಡಿಯುವ ನೀರಿನ ಸೋರೆಬುರುಡೆಗಳನ್ನು ಐವತ್ತು ದಿನಕ್ಕೆ ತುಂಬಿಸುತ್ತಾರೆ.

ಅವನ್ನು ತುಂಬಿಸಿದವಳು ನಾನೇ. ಆದ್ದರಿಂದ ಐವತ್ತನೆಯ ದಿನ ಕಳೆದದ್ದು ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ನೀರು ನಿಂತದ್ದಕ್ಕೆ ಊರಿನವರು ಕಂಡುಕೊಂಡ ಕಾರಣ ಹಾಯಿ. ನಮ್ಮ ಮನೆಯಲ್ಲಿ ಅವ್ವ, ಚಿಕ್ಕವ್ವ ಲೂಪೆ, ಅಣ್ಣ ಮತ್ತು ನಾನು. ಅಪ್ಪ ನಾನು ಮಗುವಾಗಿದ್ದಾಗಲೇ ಜ್ವರದಲ್ಲಿ ಹೋದರು. ಅವ್ವ, ಚಿಕ್ಕವ್ವ ಇಬ್ಬರೂ ಕೇದಗೆ ಓಲೆಯಿಂದ ಹಾಯಿ ಹೆಣೆಯುವವರು. ಅಣ್ಣನ ದೋಣಿಯ ಹಾಯಿಯನ್ನು ಅರ್ಧ ಅವ್ವ, ಅರ್ಧ ಚಿಕ್ಕವ್ವ ಹೆಣೆದಿದ್ದರು. ದೋಣಿ ಹೋದ ಮಾರನೆಯ ದಿನ ಅವ್ವ, ನಿನ್ನ ಕಡೆಯ ಹೆಣಿಗೆ ಸಡಿಲ, ಬೆರಳು ತೂರುತ್ತದೆ ಎಂದಳು. ಕಟ್ಟುವ ಮೊದಲೇ ಹೇಳಬೇಕಿತ್ತು ಎಂದು ಚಿಕ್ಕವ್ವ, ಹೇಳಿದರೆ ನೀನು ಕೇಳುವವಳೇ ಎಂದು ಅವ್ವ. ಇಬ್ಬರೂ ಬೇರೆ ಬೇರೆ ಒಲೆ ಹಚ್ಚಿದರು. ಅದರ ಮಾರನೆಯ ದಿನ ನೀರು ನಿಂತಿತು. ಇದಕ್ಕಿಂತ ಸ್ಪಷ್ಟವಾದ ಕಾರಣ ಯಾರಿಗೆ ಬೇಕು?

ಆದರೆ ನೀರಿನ ಆಟ ತೀರ ಸಣ್ಣದಾದದ್ದು ದೋಣಿ ಹೊರಟ ದಿನವೇ. ಅದನ್ನು ನಾನೊಬ್ಬಳೇ ನೋಡಿದ್ದೆ. ಏಕೆ ಎಂದೂ ಗೊತ್ತಿತ್ತು.

ನಾನು, ಅಣ್ಣ ಒಟ್ಟಿಗೆ ಅಲೆಶಾಲೆಗೆ ಹೋದವರು. ಅವನು ನನಗಿಂತ ಒಂದು ವರ್ಷ ದೊಡ್ಡವನು. ಬಂಡೆಸಾಲಿನ ಹೊರಗೆ ಕಟ್ಟಿದ ದೋಣಿಯೇ ಶಾಲೆ. ಅದರ ತಳದಲ್ಲಿ ಮಕ್ಕಳು ಸಾಲಾಗಿ ಮಲಗುತ್ತಾರೆ, ಇಕ್ಕಟ್ಟು, ಒಬ್ಬರ ಅಂಗಾಲು ಇನ್ನೊಬ್ಬರ ಅಂಗಾಲಿಗೆ ತಾಗುತ್ತದೆ. ಅಣ್ಣನಿಗೆ ಅಜ್ಜ ಸಿಗುತ್ತಿದ್ದ, ಅಜ್ಜಿ ಸಿಗುತ್ತಿದ್ದಳು, ಅಳಿಯ ಯಾರಿಗಾದರೂ ಸಿಗುತ್ತಾನೆ. ಕೂಸು ಮಾತ್ರ ಒಂದು ದಿನವೂ ಸಿಗಲಿಲ್ಲ. ನನಗೆ ಮೊದಲ ದಿನವೇ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳಬೇಕಾದರೆ ಬಾಯಿ ತೆರೆಯಬೇಕಲ್ಲ. ಪರೀಕ್ಷೆಯ ದಿನ ಮಾಸ್ತರು ಅಣ್ಣನನ್ನು ಮೊದಲು ಕೇಳಿದರು. ಕೂಸು ಹಾದ ಕೂಡಲೇ ಹೇಳಬೇಕು, ಹೋದ ಕಡೆಗೆ ಕೈ ತೋರಿಸಬೇಕು. ಅವನ ಅಂಗಾಲು ಬೆವರುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಕೂಸು ಹಾದಾಗ ನಾನು ಹೆಬ್ಬೆರಳಿನಿಂದ ಅವನ ಅಂಗಾಲು ಒತ್ತಿದೆ, ಎಡಕ್ಕಾದರೆ ಎಡಗಾಲು, ಬಲಕ್ಕಾದರೆ ಬಲಗಾಲು. ಮೂರು ಸಲ ಒತ್ತಿದೆ, ಮೂರು ಸಲವೂ ಅವನು ಸರಿಯಾಗಿ ಹೇಳಿದ. ಆಮೇಲೆ ನನ್ನ ಸರದಿ. ಎಲ್ಲರೂ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಕೂಸು ನನ್ನ ಬೆನ್ನಿನ ಕೆಳಗೆ ಬಂತು, ಹೋಯಿತು. ಮತ್ತೆ ಬಂತು, ಹೋಯಿತು. ನಾಲಿಗೆ ಏಳಲಿಲ್ಲ. ಮಾಸ್ತರು ಬಹಳ ಹೊತ್ತು ಕಾದರು. ಬಾಯಿ ಬಿಡದವರಿಗೆ ಗೊತ್ತಿದ್ದರೂ ದೋಣಿಗೆ ಅದರಿಂದ ಉಪಯೋಗವಿಲ್ಲ ಮಗೂ ಎಂದರು. ಬೈಯಲಿಲ್ಲ. ಮಾರನೆಯ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ, ಅವ್ವನ ಪಕ್ಕದಲ್ಲಿ ಓಲೆ ಸೀಳಲು ಕೂತೆ. ಆಗ ನನಗೆ ಹನ್ನೆರಡು.

ಅಣ್ಣ ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದುಕೊಂಡಿದ್ದೆ. ಏಳು ವರ್ಷವಾಯಿತು. ನಮ್ಮ ಕರಟದ ಆಟ ಆ ಏಳು ವರ್ಷವೂ ಸ್ವಲ್ಪ ಕಡಿಮೆಯೇ ಇತ್ತು. ಕರಟವೇ ಸರಿಯಿಲ್ಲ ಎಂದು ಅವ್ವ ಎರಡು ಸಲ ಕರಟ ಬದಲಾಯಿಸಿದಳು.

ದೋಣಿ ಹೊರಡುವ ದಿನ ದಾರಿ ಹೇಳುವವನಿಗೆ ಹೂವಿನ ಸರ ಹಾಕಿ, ನಿನಗೆ ಕೂಸನ್ನು ತೋರಿಸಿದವರು ಯಾರು ಎಂದು ಕೇಳುವುದು ವಾಡಿಕೆ. ಅವನು ಒಂದು ಹೆಸರು ಹೇಳಬೇಕು. ನಾನು ಹಾಯಿಯ ಹಗ್ಗ ಹಿಡಿದು ಹತ್ತಿರವೇ ನಿಂತಿದ್ದೆ. ಅಣ್ಣ ಸಮುದ್ರದ ಕಡೆ ನೋಡುತ್ತ, ಯಾರೂ ತೋರಿಸಲಿಲ್ಲ, ಒಬ್ಬನೇ ಮಲಗಿ ಕಲಿತೆ ಎಂದ. ಜನ ಮೆಚ್ಚಿಕೊಂಡರು. ಅವತ್ತು ಮಧ್ಯಾಹ್ನ ಮನೆಗೆ ಬಂದು ನೋಡಿದರೆ ನೀರು ಅಂಚಿಗೆ ಏರುತ್ತಿರಲಿಲ್ಲ.

ಹಾಗಾದರೆ ಏಕೆ ಸುಮ್ಮನಿದ್ದೆ ಎಂದು ಯಾರಾದರೂ ಕೇಳಬಹುದು. ನಾಚಿಕೆ ಒಂದೇ ಅಲ್ಲ. ನಾನು ಹೇಳಿದರೆ, ಹತ್ತು ಜನರನ್ನು ಕರೆದುಕೊಂಡು ಹೋದವನಿಗೆ ಮನೆಗೆ ಬರುವ ಅಲೆ ಗೊತ್ತೇ ಇಲ್ಲ ಎಂದು ಹತ್ತು ಮನೆಗಳಿಗೆ ಗೊತ್ತಾಗುತ್ತದೆ. ಅವನನ್ನು ಆ ಜಾಗಕ್ಕೆ ಕೂರಿಸಿದ್ದು ನನ್ನ ಹೆಬ್ಬೆರಳು ಎಂದೂ ಗೊತ್ತಾಗುತ್ತದೆ.

ನಲವತ್ತು ದಿನ ಕಳೆದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಬಾಗಿಲಿಗೆ ಬರತೊಡಗಿದರು. ಯಾರೂ ಬೈಯಲಿಲ್ಲ. ಅಹುರಾ ಎಂಬವಳು, ಅವಳ ಒಬ್ಬನೇ ಮಗ ದೋಣಿಯಲ್ಲಿದ್ದ, ಹೊಸ್ತಿಲಿನ ಹೊರಗೇ ನಿಂತು, ನಮ್ಮನೆಯದು ಚೆನ್ನಾಗಿ ಆಡುತ್ತಿದೆ ಎಂದಳು. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತೇನೋ, ಅವ್ವನ ಕೈಗೆ ಎರಡು ಎಳನೀರು ಕೊಟ್ಟು ಹೋದಳು.

ಊರಿನವರು ಅವ್ವ, ಚಿಕ್ಕವ್ವ ಇಬ್ಬರನ್ನೂ ದಿಬ್ಬಕ್ಕೆ ಕಳಿಸಿದರು. ಮನೆಯವರೆಲ್ಲ ಹೋಗಬೇಕಾದ್ದರಿಂದ ನಾನೂ ಹೋಗಿ ಹಳೇ ದೋಣಿಯ ಹಿಂದಿನ ತುದಿಯಲ್ಲಿ ಕೂತೆ. ಅವ್ವ ಹಾಯಿಯ ಮಾತನ್ನು ಅಜ್ಜಿಯ ಬೆನ್ನಿಗೆ ಹೇಳಿದಳು, ಚಿಕ್ಕವ್ವನೂ ಹೇಳಿದಳು. ಅಜ್ಜಿ ಎರಡು ಸಲ ಕೇಳಿತು ಎಂದರು. ಮನೆಗೆ ಬಂದರೆ ನೀರು ಒಂದು ಸಲ ನಡುಗಿ ಮತ್ತೆ ನಿಂತಿತು. ಇನ್ನೂ ಏನೋ ಉಳಿದಿದೆ, ಸರಿಯಾಗಿ ಕೆದಕಿ ಎಂದು ಊರಿನವರು ಮತ್ತೆ ಕಳಿಸಿದರು. ಆ ಸಲ ಅವ್ವ, ತನ್ನ ಮದುವೆಯ ಕಪ್ಪೆಚಿಪ್ಪಿನ ಸರವನ್ನು ತನಗಿಂತ ಮೊದಲು ಚಿಕ್ಕವ್ವ ಹಾಕಿಕೊಂಡದ್ದನ್ನು ನೆನಪಿಸಿಕೊಂಡಳು. ಮೂರನೆಯ ಸಲ ಹೋದಾಗ ಇಬ್ಬರಲ್ಲೂ ಹೇಳಲು ಏನೂ ಉಳಿದಿರಲಿಲ್ಲ. ಚಿಕ್ಕವ್ವ ಬಹಳ ಯೋಚಿಸಿ, ಎಂಟು ವರ್ಷದವಳಿದ್ದಾಗ ಸುಟ್ಟ ಮೀನನ್ನು ತಾನೇ ತಿಂದು ಬೆಕ್ಕಿನ ಮೇಲೆ ಹಾಕಿದ್ದೆ ಎಂದಳು.

"ಅದಕ್ಕೆ ಏಟು ತಿಂದದ್ದು ನಾನು ಕಣೇ," ಎಂದಳು ಅವ್ವ, ಬೆನ್ನಿಗೆ ಹೇಳುವುದನ್ನು ಮರೆತು. "ಬೆಕ್ಕನ್ನ ನೋಡ್ಕೊಳ್ಳಲಿಲ್ಲ ಅಂತ."

ಇಬ್ಬರೂ ನಗತೊಡಗಿದರು. ಅಜ್ಜಿಯ ಬೆನ್ನೂ ಅಲುಗಿತು, ಅಲುಗಬಾರದು. ಕೇಳಿತು ಎಂದ ಮೇಲೆ ಅವರು, ಮನೆಯಲ್ಲಿ ಇನ್ನು ಯಾರಿದ್ದೀರಿ ಎಂದು ಕೇಳಿದರು.

"ಇವಳೊಬ್ಬಳು, ಮಾಹಿನಾ," ಎಂದಳು ಅವ್ವ. "ಇವಳಿಗೆ ಯಾರ ಮೇಲೆ ಸಿಟ್ಟಿರುತ್ತೆ ಅಜ್ಜಿ? ಇವಳು ಮಾತೇ ಆಡಲ್ಲ."

ಅವರಿಬ್ಬರೂ ಕೈ ಹಿಡಿದುಕೊಂಡು ಮನೆಗೆ ಬಂದರು. ಒಂದೇ ಒಲೆ ಹಚ್ಚಿದರು. ಕರಟದ ನೀರು ಎಣ್ಣೆಯ ಹಾಗೆ ನಿಂತೇ ಇತ್ತು. ಅವ್ವ ಅದನ್ನು ನೋಡಿ ಹೊಸ್ತಿಲ ಮೇಲೆ ಕುಸಿದಳು. ಇಷ್ಟು ದಿನ ಅಳದವಳು ಆಗ ಅತ್ತಳು, ತನ್ನಲ್ಲಿ ಇನ್ನೇನು ಕೆಟ್ಟದ್ದು ಅಡಗಿದೆಯೋ, ತಾನೇ ಮಗನನ್ನು ಕೊಲ್ಲುತ್ತಿದ್ದೇನೆಯೇ ಎಂದು. ಚಿಕ್ಕವ್ವ ಅವಳ ತಲೆ ನೇವರಿಸುತ್ತ, ನಂದೇ ಇರಬೇಕು ಅಕ್ಕ, ನಂದೇ ಇರಬೇಕು ಎನ್ನುತ್ತಿದ್ದಳು. ನಾನು ಓಲೆ ಸೀಳುತ್ತಿದ್ದೆ. ಓಲೆಯ ಮುಳ್ಳು ಬೆರಳಿಗೆ ಹೊಕ್ಕಿತ್ತು, ಕೀಳಲಿಲ್ಲ.

ಮಾರನೆಯ ಬೆಳಿಗ್ಗೆ, ಅದು ಐವತ್ತೆರಡನೆಯ ದಿನ, ನಾನೊಬ್ಬಳೇ ದಿಬ್ಬ ಹತ್ತಿದೆ. ಅಜ್ಜಿ ಹಳೇ ದೋಣಿಯಲ್ಲಿ ಕೂತು ಗರಿಯ ಕಡ್ಡಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಏನೂ ಕೇಳದೆ ಕಡ್ಡಿಗಳನ್ನು ಪಕ್ಕಕ್ಕಿಟ್ಟು, ಮೂತಿಗೆ ಸರಿದು ಸಮುದ್ರದ ಕಡೆ ತಿರುಗಿದರು. ಅವರ ಬೆನ್ನು ಸಣ್ಣದು, ಮೂಳೆಗಳು ಕಾಣುತ್ತವೆ. ಕೆಳಗೆ ದಡದಲ್ಲಿ ಹತ್ತು ಮನೆಗಳ ಹೆಂಗಸರು ಒಣಗಲು ಹಾಕಿದ ಮೀನನ್ನು ಮಗುಚುತ್ತಿದ್ದರು. ಬೇರೆ ದಿನಗಳಲ್ಲಿ ಹಾಡುತ್ತಾರೆ, ಅವತ್ತು ಹಾಡುತ್ತಿರಲಿಲ್ಲ.

ನಾನು ಹೇಳಿದೆ. ನನ್ನ ಮಟ್ಟಿಗೆ ಹೇಳಿದೆ.

"ಕೇಳಲಿಲ್ಲ," ಎಂದರು ಅಜ್ಜಿ.

ಅವರಿಗೆ ಕಿವಿ ಚೆನ್ನಾಗಿಯೇ ಇದೆ. ದಿಬ್ಬದ ಕೆಳಗೆ ಮಕ್ಕಳು ತೆಂಗಿನಕಾಯಿ ಕದ್ದರೂ ಅವರಿಗೆ ಗೊತ್ತಾಗುತ್ತದೆ. ನಾನು ಇನ್ನೊಮ್ಮೆ ಹೇಳಿದೆ, ಈ ಸಲ ನನ್ನ ದನಿ ನನಗೇ ಕೇಳಿಸಿತು.

"ಕೇಳಲಿಲ್ಲ ಮಗೂ. ನಾನು ಸಮುದ್ರ ನೋಡ್ತಿದೀನಿ, ಗಾಳಿ ಇದೆ."

ಗಾಳಿ ಇರಲಿಲ್ಲ. ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಹಿಂದೆ ತಿರುಗಿ ನೋಡಿದರೆ ನಮ್ಮ ಮನೆಯ ಬಾಗಿಲು ಕಾಣುತ್ತಿತ್ತು, ಅವ್ವ ಇನ್ನೂ ಹೊಸ್ತಿಲ ಮೇಲೆಯೇ ಇದ್ದಳು. ನಾನು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅಣ್ಣನಿಗೆ ಕೂಸು ಗೊತ್ತಿಲ್ಲ," ಎಂದು ಕೂಗಿದೆ. "ಪರೀಕ್ಷೆಯಲ್ಲಿ ಕಾಲು ಒತ್ತಿ ಹೇಳಿಕೊಟ್ಟದ್ದು ನಾನು. ಅವನು ಯಾರಿಗೂ ಹೇಳಲಿಲ್ಲ. ಏಳು ವರ್ಷ ಹೇಳಲಿಲ್ಲ. ನನಗೆ ಅವನ ಮೇಲೆ ಸಿಟ್ಟಿದೆ. ಅವನು ಬರಲಿ. ನನಗೆ ಸಿಟ್ಟಿದೆ, ಅವನು ಬರಲಿ."

ಕೊನೆಯ ಮಾತನ್ನು ಎಷ್ಟು ಸಲ ಕೂಗಿದೆನೋ ಗೊತ್ತಿಲ್ಲ. ನಿಲ್ಲಿಸಿದಾಗ ಗಂಟಲು ಉರಿಯುತ್ತಿತ್ತು.

"ಕೇಳಿತು," ಎಂದರು ಅಜ್ಜಿ.

ಕೆಳಗೆ ದಡದಲ್ಲಿ ಎಲ್ಲರೂ ಮೀನು ಬಿಟ್ಟು ನಿಂತಿದ್ದರು. ಅವರಿಗೂ ಕೇಳಿತ್ತು. ನಾನು ದಿಬ್ಬ ಇಳಿದು ಬರುವಾಗ ನನ್ನ ಕಾಲನ್ನೇ ನೋಡಿಕೊಂಡು ಬಂದೆ. ಅಹುರಾ ದಾರಿಗೆ ಅಡ್ಡ ಬಂದು ನಿಂತಳು, ಅವಳ ಕೈಯಲ್ಲಿ ಒಂದು ಮೀನು ಹಾಗೇ ಇತ್ತು. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

"ಇಷ್ಟು ದೊಡ್ಡ ಗಂಟಲನ್ನ ಎಲ್ಲಿ ಬಚ್ಚಿಟ್ಟಿದ್ದೆಯೇ?" ಎಂದಳು. ಆಮೇಲೆ ದಾರಿ ಬಿಟ್ಟಳು.

ಮನೆಯ ಹತ್ತಿರ ಬರುತ್ತಿದ್ದಂತೆ ಅವ್ವ ಹೊಸ್ತಿಲಿನಿಂದ ಎದ್ದದ್ದು ಕಂಡಿತು. ಅವಳ ಸೆರಗು ಒದ್ದೆಯಾಗಿತ್ತು. ಕರಟದ ನೀರು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಏರಿ, ಅಂಚು ದಾಟಿ, ಚಾಪೆಯ ಮೇಲೆ ಚೆಲ್ಲುತ್ತಿತ್ತು. ಚಿಕ್ಕವ್ವ ಚೆಲ್ಲಿದಷ್ಟನ್ನೂ ತುಂಬಿಸಲು ಸಮುದ್ರಕ್ಕೆ ಓಡಿದ್ದಳು. ನಾನು ಕೂಗಿದ್ದು ಅವ್ವನಿಗೂ ಕೇಳಿತ್ತೇ ಎಂದು ನಾನು ಕೇಳಲಿಲ್ಲ. ಅವಳು ನನ್ನ ಬೆರಳಿನಿಂದ ಮುಳ್ಳು ತೆಗೆದು, ಅಲ್ಲಿಗೆ ಬಾಯಿಂದ ಊದಿದಳು.

ಮೂರನೆಯ ದಿನ ದೋಣಿ ಬಂತು. ಹನ್ನೊಂದು ಜನರೂ ಇದ್ದರು. ತುಟಿಗಳು ಒಡೆದಿದ್ದವು, ಅಹುರಾಳ ಮಗನನ್ನು ಇಬ್ಬರು ಎತ್ತಿಕೊಂಡು ಇಳಿಸಿದರು, ಅವನು ಇಳಿದ ಕೂಡಲೇ ತಿನ್ನಲು ಕೇಳಿದ. ಏಳು ದಿನ ಮೋಡದಡಿಯಲ್ಲಿ ದಾರಿ ತಪ್ಪಿದ್ದರಂತೆ. ಬುರುಡೆಗಳ ನೀರು ಮುಗಿದ ಮೇಲೆ ಒಂದು ಮಳೆ ಬಂದು, ಅವ್ವ ಬಿಗಿಯಾಗಿ ಹೆಣೆದ ಅರ್ಧ ಹಾಯಿಯಲ್ಲಿ ನೀರು ಹಿಡಿದು ಕುಡಿದರಂತೆ. ಆ ಮಳೆಯ ಜೊತೆ ಬಂದ ಗಾಳಿಗೆ ಹಾಯಿ ಹರಿಯದೆ ಉಳಿದದ್ದು ಚಿಕ್ಕವ್ವನ ಕಡೆಯ ಸಡಿಲ ಹೆಣಿಗೆಯಿಂದ ಗಾಳಿ ತೂರಿಹೋದದ್ದರಿಂದ. ಇದನ್ನು ಕೇಳಿ ಅವ್ವ ಮತ್ತು ಚಿಕ್ಕವ್ವ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಳೇ ಊರಿನವರು ಏನೆಂದರು ಎಂದು ಹಿರಿಯರು ಕೇಳಿದರು. ಜಗಳ ಮುಗಿಯಿತೇ ಎಂದು ದೋಣಿಯಿಂದ ಕೂಗಿದ್ದಕ್ಕೆ ಅಲ್ಲಿಯವರು, ಯಾವ ಜಗಳ ಎಂದರಂತೆ. ಯಾರಿಗೂ ನೆನಪಿರಲಿಲ್ಲ. ನಮ್ಮವರು ಮೊದಲ ಸಲ ಆ ದಡಕ್ಕೆ ಇಳಿದು, ನೆನಪಿರುವ ಒಬ್ಬರಾದರೂ ಸಿಗುತ್ತಾರೇನೋ ಎಂದು ಎಂಟು ದಿನ ಹುಡುಕಿ, ಅವರು ಬಡಿಸಿದ ಗೆಣಸು ತಿಂದು ಬಂದರು. ಪುವಾ ಅಜ್ಜಿ ಇದನ್ನು ಕೇಳಿ, ಒಳ್ಳೇದಾಯ್ತು, ಒಂದು ಕೆಲಸ ಕಡಿಮೆಯಾಯ್ತು ಎಂದರು.

ಅಣ್ಣ ಮನೆಗೆ ಬಂದವನು ಹೊಸ್ತಿಲಲ್ಲೇ ನಿಂತು ಕರಟ ನೋಡಿದ. ಅವ್ವ ಕೊಟ್ಟ ಗಂಜಿಯನ್ನು ನಿಂತೇ ಕುಡಿದ. ಆಮೇಲೆ ಒದ್ದೆ ಚಾಪೆಯ ಮೇಲೆ, ನಾನು ಓಲೆ ಸೀಳುತ್ತಿದ್ದ ಕಡೆಗೆ ಕಾಲು ಚಾಚಿ ಮಲಗಿಕೊಂಡ. ಅವನ ಅಂಗಾಲು ಉಪ್ಪಿನಿಂದ ಬಿರುಕು ಬಿಟ್ಟಿತ್ತು. ಸೂರು ನೋಡುತ್ತ ಹೇಳಿದ, ಏಳು ದಿನವೂ ತಾನು ಸುಮ್ಮನೆ ಅತ್ತ ಇತ್ತ ಕೈ ತೋರಿಸುತ್ತಿದ್ದೆ, ಹತ್ತು ಜನ ತನ್ನನ್ನು ನಂಬಿ ಹುಟ್ಟು ಹಾಕುತ್ತಿದ್ದರು, ಅವರ ಮುಖ ನೋಡಲಾಗದೆ ಕಣ್ಣು ಮುಚ್ಚಿಕೊಂಡೇ ಇದ್ದೆ ಎಂದು. ಆಮೇಲೆ ಒಂದು ಬೆಳಿಗ್ಗೆ ಅಂಗಾಲಿಗೆ ಏನೋ ತಾಗಿತು, ಬಲಗಾಲಿಗೆ.

"ಒತ್ತಿದ್ದು ನೀನೇ ಅಲ್ವಾ ಮಾಹಿ?"

"ಒತ್ತಲಿಲ್ಲ," ಎಂದೆ. "ಕೂಗಿದೆ."

ಅವನು ಕೈಯಿಂದ ಮುಖ ಮುಚ್ಚಿಕೊಂಡ. ಮಾರನೆಯ ಬೆಳಿಗ್ಗೆ ಅವನೂ ದಿಬ್ಬ ಹತ್ತಿದ. ಅವನಿಗೂ ಅಜ್ಜಿ ಎರಡು ಸಲ ಕೇಳಲಿಲ್ಲ ಎಂದರಂತೆ. ಮೂರನೆಯ ಸಲದ್ದು ನಮ್ಮ ಮನೆಯವರೆಗೆ ಕೇಳಿಸಿತು. ನನ್ನ ಹೆಸರಿತ್ತು ಅದರಲ್ಲಿ.

ಈಗ ನಾನು ವಾರಕ್ಕೆ ಮೂರು ದಿನ ಅಲೆಶಾಲೆಗೆ ಹೋಗುತ್ತೇನೆ. ಮಾಸ್ತರೇ ಮನೆಗೆ ಬಂದು, ಮಕ್ಕಳಿಗೆ ಕೂಸು ತೋರಿಸಲು ಬಾ ಎಂದು ಕರೆದರು. ಮೊದಲ ದಿನ ನನ್ನ ದನಿ ದೋಣಿಯ ಅರ್ಧಕ್ಕೆ ಮಾತ್ರ ತಲುಪಿತು, ಮುಂದಿನವರು ನಕ್ಕರು. ಈಗ ತುದಿಯವರೆಗೂ ಹೋಗುತ್ತದೆ. ನಮ್ಮ ಕರಟ ಚೆಲ್ಲುತ್ತಲೇ ಇದೆ, ಅವ್ವ ದಿನವೂ ಚಾಪೆ ಒಣಗಿಸುತ್ತ ಗೊಣಗುತ್ತಾಳೆ, ಸಣ್ಣ ಕರಟ ಇಡೋಣವೇ ಎಂದರೆ ಬೇಡ ಎನ್ನುತ್ತಾಳೆ.

ದೋಣಿಯ ತಳದಲ್ಲಿ ಹದಿಮೂರು ಮಕ್ಕಳು ಮಲಗುತ್ತಾರೆ, ಕೊನೆಯಲ್ಲಿ ಅಣ್ಣ, ಮೊಣಕಾಲು ಮಡಚಿಕೊಂಡು, ಜಾಗ ಸಾಲದೆ. ಮಕ್ಕಳು ಅವನನ್ನು ರೇಗಿಸುತ್ತಾರೆ. ನಾನು ಮೇಲೆ ಕೂತು ಕಣ್ಣು ಮುಚ್ಚಿಕೊಳ್ಳುತ್ತೇನೆ. ಕೂಸು ಬರುತ್ತದೆ. ನಾನು ಏನೂ ಹೇಳದೆ ಕಾಯುತ್ತೇನೆ, ಆಮೇಲೆ ಕಣ್ಣು ತೆರೆದು ಯಾರ ಯಾರ ಕೈ ಎದ್ದಿದೆ ಎಂದು ನೋಡುತ್ತೇನೆ. ಅಣ್ಣನ ಕೈ ಎಲ್ಲರಿಗಿಂತ ಕೊನೆಗೆ ಏಳುತ್ತದೆ. ಅವನ ಅಂಗಾಲಿಗೆ ಈಗ ಯಾರ ಕಾಲೂ ತಾಗುವುದಿಲ್ಲ. ಆದರೂ ಏಳುತ್ತದೆ, ಸರಿಯಾದ ಕಡೆಗೇ.